ಹುತ್ತದ ಮಣ್ಣಿನ ಮೊಲ

ಒಂದು ಕಾಡಿನಲ್ಲಿ ಬೇಸಿಗೆ ಬಂತೆಂದರೆ ಎಲ್ಲರಿಗೂ ಒಂದೇ ಕೆರೆ. ಉಳಿದ ಹಳ್ಳಗಳೆಲ್ಲ ಬತ್ತಿ ಹೋಗುತ್ತಿದ್ದವು. ಅದಕ್ಕೇ ಅಲ್ಲಿ ಹಿರಿಯರು ಒಂದು ಕಟ್ಟಳೆ ಮಾಡಿಟ್ಟಿದ್ದರು. ಕೆರೆಯ ದಂಡೆಯಲ್ಲಿ ಯಾರೂ ಯಾರ ಮೇಲೂ ಹಲ್ಲು ಊರಬಾರದು. ನೀರು ಭಗವಂತನದು. ಅದರ ಪಕ್ಕದಲ್ಲಿ ರಕ್ತ ಚೆಲ್ಲಿದರೆ ಅದು ಬೇಟೆಯಲ್ಲ, ಕೊಲೆ. ಕೊಲೆ ಮಾಡಿದವರಿಗೆ ಗುಡ್ಡದ ಆಚೆಗೆ ಗಡಿಪಾರು. ಗುಡ್ಡದ ಆಚೆ ಮಳೆಗಾಲದವರೆಗೆ ಹನಿ ನೀರೂ ಸಿಗುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅದೇ ದಂಡೆಯಲ್ಲಿ ಮೊಲ ಗರಿಕಪ್ಪ ಸತ್ತು ಬಿದ್ದಿದ್ದ. ಅವನ ಕತ್ತಿನಲ್ಲಿ ಕಪ್ಪು ಬಿಳಿ ಪಟ್ಟೆಯ ಉದ್ದನೆಯ ಮುಳ್ಳೊಂದು ನಾಟಿತ್ತು. ಅಂಥ ಮುಳ್ಳು ಆ ಕಾಡಿನಲ್ಲಿ ಇದ್ದದ್ದು ಮುಳ್ಳುಹಂದಿ ಸೂಜವ್ವನಿಗೆ ಮಾತ್ರ.

ಸೂಜವ್ವನಿಗೆ ಗಂಡ ಇರಲಿಲ್ಲ. ಇನ್ನೂ ಮುಳ್ಳು ಗಟ್ಟಿಯಾಗದ ಎರಡು ಮರಿಗಳಿದ್ದವು. ಗೆಡ್ಡೆ ಅಗೆದಾಗಲೆಲ್ಲ ಮೊದಲ ತುಂಡನ್ನು ಮಣ್ಣಿನ ಮೇಲಿಟ್ಟು, "ತಂದೆ, ಇದು ನೀನು ಕೊಟ್ಟದ್ದು" ಎಂದು ಕೈಮುಗಿದ ಮೇಲೆಯೇ ಅವಳು ಬಾಯಿಗಿಡುತ್ತಿದ್ದಳು. ಯಾರ ತಂಟೆಗೂ ಹೋದವಳಲ್ಲ. ಆದರೆ ಮುಳ್ಳು ಮುಳ್ಳೇ. ಅವಳನ್ನು ಆಲದ ಮರದ ಕೆಳಗೆ ವಿಚಾರಣೆಗೆ ಕರೆತಂದರು.

ಆಲದ ಕೆಳಗೆ ನ್ಯಾಯಕ್ಕೆ ಕೂರುತ್ತಿದ್ದವನು ಮುದಿ ಕಾಡುಕೋಣ ಗಿರಿಯಜ್ಜ. ಅವನು ಮೆಲುಕು ಹಾಕದೆ ಒಂದು ಮಾತನ್ನೂ ಆಡುತ್ತಿರಲಿಲ್ಲ. ಗಾಯ ನೋಡಿ ಸಾವಿನ ಕಾರಣ ಹೇಳುವ ಕೆಲಸ ಚಿಪ್ಪುಹಂದಿ ಚಿಪ್ಪಯ್ಯನದು. ಅವನು ಮೆಲ್ಲಗೆ ಗರಿಕಪ್ಪನ ಕತ್ತಿನಿಂದ ಮುಳ್ಳನ್ನು ತೆಗೆದ. ಅದನ್ನು ಹೊಟ್ಟೆಗೆ ಒತ್ತಿಕೊಂಡು ಚೆಂಡಿನ ಹಾಗೆ ಸುತ್ತಿಕೊಂಡ. ಒಮ್ಮೆ ಚಿಪ್ಪಯ್ಯ ಸುತ್ತಿಕೊಂಡರೆ ಹುಲಿಯ ಕೈಯಲ್ಲೂ ಬಿಚ್ಚಲಾಗುತ್ತಿರಲಿಲ್ಲ. ಆ ಕಾಡಿನಲ್ಲಿ ಸಾಕ್ಷ್ಯವನ್ನು ಭದ್ರವಾಗಿಡುತ್ತಿದ್ದದ್ದೇ ಹಾಗೆ.

"ಸೂಜವ್ವ, ಮುಳ್ಳು ನಿನ್ನದೇನಮ್ಮ?" ಎಂದು ಗಿರಿಯಜ್ಜ ಕೇಳಿದ.

"ನನ್ನದೇ ಇರಬೇಕು ಅಜ್ಜ. ದಾರಿಯುದ್ದಕ್ಕೂ ಉದುರ್ತಾನೇ ಇರ್ತವೆ. ನಾನು ತಿರುಗಿ ನೋಡೋದಿಲ್ಲ."

ಆಗ ಕಡವೆ ಬೆಟ್ಟಯ್ಯ ಮುಂದೆ ಬಂದು ಸಾಕ್ಷಿ ಹೇಳಿದ. "ಗರಿಕಪ್ಪ ಸತ್ತ ದಿನ ಸೂರ್ಯ ಮೂಡೋ ಹೊತ್ತಿಗೆ ಸೂಜವ್ವ ತನ್ನ ಬಿಲದೊಳಗೆ ಹೋಗಿದ್ದನ್ನ ನಾನು ಕಣ್ಣಾರೆ ಕಂಡೆ. ಆಮೇಲೆ ಕೆರೆಗೆ ಬಂದೆ. ಗರಿಕಪ್ಪ ಇನ್ನೂ ನೀರು ಕುಡೀತಾ ಇದ್ದ. ನನಗೆ ನಮಸ್ಕಾರ ಕೂಡ ಹೇಳಿದ."

ಗಿರಿಯಜ್ಜ ಬಹಳ ಹೊತ್ತು ಮೆಲುಕು ಹಾಕಿದ. "ಚಿಪ್ಪಯ್ಯ ಪರೀಕ್ಷೆ ಮುಗಿಸಲಿ. ಮೂರನೆಯ ದಿನ ಮತ್ತೆ ಸೇರೋಣ. ಅಲ್ಲಿಯವರೆಗೆ ಗಾಯದ ಮಾತು, ಮುಳ್ಳಿನ ಮಾತು ಈ ಆಲದ ನೆರಳು ದಾಟಬಾರದು" ಎಂದ.

ಎಲ್ಲರೂ ತಲೆಯಾಡಿಸಿದರು. ಮಾತು ಮಾತ್ರ ಅವರಿಗಿಂತ ಮೊದಲೇ ಕೆರೆ ತಲುಪಿತ್ತು.

ಮರುದಿನ ಸೂಜವ್ವ ಮರಿಗಳೊಂದಿಗೆ ನೀರಿಗೆ ಬಂದಾಗ ಕೆರೆಯ ಚಪ್ಪಡಿ ಬಂಡೆಯ ಸುತ್ತ ಕಾಲಿಡಲು ಜಾಗವಿರಲಿಲ್ಲ. ಬಂಡೆಯ ಮೇಲೆ ನರಿ ಸೊಗಸಯ್ಯ ನಿಂತಿದ್ದ. ಬಾಲವನ್ನು ನೆಕ್ಕಿ ನೆಕ್ಕಿ ಮಿರಮಿರ ಮಾಡಿಕೊಂಡಿದ್ದ. ಅವನ ಪಕ್ಕದಲ್ಲಿ ಹುತ್ತದ ಮಣ್ಣಿನಿಂದ ಮಾಡಿದ ಒಂದು ಮೊಲ ಕೂತಿತ್ತು. ಕಿವಿ, ಬಾಲ ಎಲ್ಲ ಥೇಟ್ ಗರಿಕಪ್ಪನ ಹಾಗೆಯೇ ಇತ್ತು.

"ನೋಡಿ, ನಾನು ಯಾರ ಮೇಲೂ ಆರೋಪ ಹೊರಿಸ್ತಾ ಇಲ್ಲ" ಎಂದು ಸೊಗಸಯ್ಯ ಗಂಟಲು ಸರಿಮಾಡಿಕೊಂಡ. "ಬರೀ ಪ್ರಶ್ನೆ ಕೇಳ್ತಾ ಇದೀನಿ. ಪ್ರಶ್ನೆ ಕೇಳೋದೂ ತಪ್ಪಾ?"

"ತಪ್ಪೇನಿಲ್ಲ, ಕೇಳಪ್ಪ" ಎಂದಿತು ಕೊಂಬೆಯ ಮೇಲಿದ್ದ ಕೋತಿ.

"ಮುಳ್ಳು ಯಾರದ್ದು ಅಂತ ಎಲ್ಲರಿಗೂ ಗೊತ್ತು. ಚುಚ್ಚಿದ್ದು ಹೇಗೆ ಅನ್ನೋದಷ್ಟೇ ಪ್ರಶ್ನೆ. ದೂರದಿಂದ ಎಸೆದಳಾ? ಹತ್ತಿರ ಬಂದು ತಿವಿದಳಾ? ಬಲ್ಲವರು ಹೇಳಬೇಕು."

ಬಲ್ಲವರಿಗೆ ಬರವಿರಲಿಲ್ಲ. ನವಿಲು ಕತ್ತು ಕೊಂಕಿಸಿತು. "ಬೆನ್ನ ಮೇಲೆ ಬೆಳೆಯೋ ಯಾವುದೇ ವಿಷಯ ಇದ್ದರೂ ನನ್ನನ್ನು ಕೇಳಬೇಕು. ನಾನು ಬಾಲ ಕೊಡವಿದರೆ ಗರಿ ಹತ್ತು ಮಾರು ಹಾರುತ್ತೆ. ಮುಳ್ಳು ಇಪ್ಪತ್ತು ಮಾರು ಹಾರಲೇಬೇಕು."

"ನಾನು ಸದ್ದು ಕೇಳಿದೆ" ಎಂದಿತು ಕಪ್ಪೆ.

"ಎಂಥ ಸದ್ದು?" ಸೊಗಸಯ್ಯ ಬಗ್ಗಿ ಕೇಳಿದ.

"ಬುಳುಕ್ ಅಂತ."

"ಅದು ನೀನೇ ನೀರಿಗೆ ಹಾರಿದ್ದು ಮಾರಾಯ" ಎಂದಿತು ಕೋತಿ. ಎಲ್ಲರೂ ನಕ್ಕರು.

ನಗು ನಿಲ್ಲುವ ಮೊದಲೇ ಸೊಗಸಯ್ಯ ಒಂದು ಉದುರಿದ ಮುಳ್ಳನ್ನು ಎತ್ತಿಕೊಂಡ. ಕತ್ತು ವಾಲಿಸಿ, ಬಲಗಡೆಯ ದವಡೆಯಲ್ಲಿ ಕಚ್ಚಿ ಹಿಡಿದ. ನಾಲ್ಕು ಹೆಜ್ಜೆ ಹಿಂದೆ ಹೋಗಿ ಓಡಿ ಬಂದು, ಮಣ್ಣಿನ ಮೊಲದ ಕತ್ತಿಗೆ ಗಚ್ಚನೆ ಚುಚ್ಚಿದ.

"ಹೀಗೆ. ನಿರಪರಾಧಿ ಮೊಲ ನೀರು ಕುಡೀತಾ ಇತ್ತು. ಹೀಗೆ ಬಂದಳು, ಹೀಗೆ ಚುಚ್ಚಿದಳು."

"ಇನ್ನೊಂದ್ಸಲ ಮಾಡು" ಎಂದರು ಹಿಂದಿನ ಸಾಲಿನವರು. "ನಮಗೆ ಕಾಣಿಸಲಿಲ್ಲ."

ಸೊಗಸಯ್ಯ ಇನ್ನೊಂದು ಸಲ ಮಾಡಿದ. ಕೋತಿ ಕೆಳಗಿಳಿದು, "ಕೊಡು ಇಲ್ಲಿ, ನಾನೊಂದ್ಸಲ ಚುಚ್ತೀನಿ" ಎಂದಿತು.

"ಮುಟ್ಟಬೇಡ. ಇದಕ್ಕೆ ಅಭ್ಯಾಸ ಬೇಕು" ಎಂದು ಸೊಗಸಯ್ಯ ಗದರಿದ.

ಸೂಜವ್ವ ನೀರಿನ ಅಂಚಿನಲ್ಲಿ ನಿಂತು ಎಲ್ಲವನ್ನೂ ನೋಡಿದಳು. ಚಿಕ್ಕ ಮರಿ ಅವಳ ಕಾಲಿಗೆ ಒತ್ತಿಕೊಂಡು, "ಅವ್ವ, ನಿನಗೆ ಮುಳ್ಳು ಎಸೆಯೋಕೆ ಬರುತ್ತಾ?" ಎಂದು ಕೇಳಿತು.

"ಇಲ್ಲ ಕಂದ. ನಮಗೆ ಯಾರಿಗೂ ಬರೋದಿಲ್ಲ."

"ಮತ್ತೆ ಅವರಿಗೆಲ್ಲ ಹೇಗೆ ಗೊತ್ತು?"

ಮುಳ್ಳು ಎಸೆಯಲು ಬಾರದು ಎಂದು ಎಲ್ಲರಿಗೂ ಹೇಳಲು ಅವಳು ಬಾಯಿ ತೆರೆದರೆ ನಾಲ್ಕೂ ಕಡೆಯಿಂದ ಕಣ್ಣುಗಳು ತಿರುಗಿದವು. ಗಿರಿಯಜ್ಜನ ಮಾತು ನೆನಪಾಯಿತು. ಆಲದ ನೆರಳಿನ ಆಚೆ ಮುಳ್ಳಿನ ಮಾತು ಆಡಬಾರದು. ಅವಳು ಬಾಯಿ ಮುಚ್ಚಿಕೊಂಡು ಮರಿಗಳಿಗೆ ನೀರು ಕುಡಿಸಿದಳು.

"ನೋಡಿದ್ರಾ, ಮಾತೇ ಆಡಲಿಲ್ಲ" ಎಂದು ಸೊಗಸಯ್ಯ ಮೆಲ್ಲಗೆ ಹೇಳಿದ. "ನಾನೇನೂ ಹೇಳ್ತಾ ಇಲ್ಲಪ್ಪ. ಬರೀ ನೋಡಿದ್ರಾ ಅಂತ ಕೇಳಿದೆ."

ಆಟದ ಎರಡನೆಯ ದಿನ ಇನ್ನೂ ದೊಡ್ಡ ಗುಂಪು ಸೇರಿತು. ಬೆಳಿಗ್ಗೆ ಒಂದು ಆಟ, ಮಧ್ಯಾಹ್ನ ಒಂದು ಆಟ, ಸಂಜೆ ಒಂದು ಆಟ. ಮಣ್ಣಿನ ಮೊಲದ ಕತ್ತು ತೂತು ತೂತಾಗಿ ಹೋಗಿತ್ತು. ಸೂಜವ್ವ ನಡೆದು ಬಂದರೆ ಇಪ್ಪತ್ತು ಮಾರು ದೂರ ಎಲ್ಲರೂ ಸರಿಯುತ್ತಿದ್ದರು. ನವಿಲಿನ ಲೆಕ್ಕದ ಮೇಲೆ ಕಾಡಿಗೆಲ್ಲ ಅಷ್ಟು ನಂಬಿಕೆ ಬಂದಿತ್ತು.

ಅಂದು ಸಂಜೆ ಸೂಜವ್ವ ಬಿಲದ ಬಾಯಿಯಲ್ಲಿ ಕೂತು ಪ್ರಾರ್ಥನೆ ಮಾಡಿದಳು. "ತಂದೆ, ನಿನಗೆ ಎಲ್ಲ ಗೊತ್ತು. ನನ್ನನ್ನು ಗುಡ್ಡದ ಆಚೆ ಕಳಿಸೋದೇ ನಿನ್ನ ಇಚ್ಛೆ ಆದರೆ ಹೋಗ್ತೀನಿ. ಈ ಮರಿಗಳು ಬಾಯಾರಿದರೆ ಮಾತ್ರ ನನ್ನ ಕೈಲಿ ನೋಡೋಕಾಗೋದಿಲ್ಲ. ನಿನಗೆ ಹೇಳಬೇಕು ಅನ್ನಿಸಿತು, ಹೇಳಿದೆ." ಆಮೇಲೆ ಅವಳಿಗೆ ನಿದ್ದೆ ಬಂತು. ದೇವರ ಹತ್ತಿರ ಹೇಳಿಕೊಂಡವರಿಗೆ ಅಷ್ಟಾದರೂ ದಕ್ಕುತ್ತದೆ.

ಮೂರನೆಯ ದಿನ ಆಲದ ಕೆಳಗೆ ಇಡೀ ಕಾಡು ಸೇರಿತು. ಸೊಗಸಯ್ಯ ಮುಂದಿನ ಸಾಲಿನಲ್ಲೇ ಕೂತಿದ್ದ. ಗಿರಿಯಜ್ಜ ಮೊದಲು ಬೆಟ್ಟಯ್ಯನನ್ನು ಕರೆದ. "ನಿನ್ನ ಸಾಕ್ಷಿ ಇನ್ನೊಮ್ಮೆ ಹೇಳಿ ದೃಢಪಡಿಸು."

ಬೆಟ್ಟಯ್ಯ ಗೊರಸಿನಿಂದ ನೆಲ ಕೆರೆದ. "ಅಜ್ಜ, ಆವತ್ತು ನಾನು ನೋಡಿದೆ ಅಂತ ಹೇಳಿದ್ದೆ. ಆದರೆ ಎರಡು ದಿನ ಕೆರೆ ಹತ್ತಿರ ಕೇಳಿ ಕೇಳಿ... ಅದು ಅದರ ಹಿಂದಿನ ದಿನ ಇರಬಹುದೇನೋ. ಅಷ್ಟೊಂದು ಜನ ಹೇಳ್ತಾ ಇದ್ದಾರೆ. ನನ್ನ ಒಂದು ಜೊತೆ ಕಣ್ಣು ಯಾವ ಲೆಕ್ಕ?"

"ನಿನ್ನ ಕಣ್ಣು ಏನು ನೋಡಿತು ಅಂತ ನಾನು ಕೇಳಿದ್ದು. ಕೆರೆ ಏನು ನೋಡಿತು ಅಂತ ಅಲ್ಲ" ಎಂದ ಗಿರಿಯಜ್ಜ.

ಬೆಟ್ಟಯ್ಯ ತಲೆ ತಗ್ಗಿಸಿದ. ಸೂಜವ್ವನಿಗೆ ಇದ್ದದ್ದು ಅದೊಂದೇ ಸಾಕ್ಷಿ. ಅವಳು ಎರಡೂ ಮರಿಗಳನ್ನು ಹತ್ತಿರಕ್ಕೆ ಎಳೆದುಕೊಂಡಳು.

ಆಗ ಚಿಪ್ಪಯ್ಯ ನಿಧಾನವಾಗಿ ಸುರುಳಿ ಬಿಚ್ಚಿದ. ಮುಳ್ಳು ಅವನ ಹೊಟ್ಟೆಯ ಮಡಿಕೆಯಿಂದ ಹೊರಗೆ ಬಂತು.

"ಸೂಜವ್ವ, ಯಾರಾದರೂ ಮೈಮೇಲೆ ಬಂದರೆ ಏನು ಮಾಡ್ತೀಯ? ಸ್ವಲ್ಪ ತೋರಿಸು" ಎಂದ.

ಸೂಜವ್ವ ನಾಚಿಕೊಂಡೇ ಬೆನ್ನು ತಿರುಗಿಸಿದಳು. ಮುಳ್ಳು ಅರಳಿಸಿ ಹಿಂದು ಹಿಂದಕ್ಕೆ ನಡೆದಳು. ನವಿಲು ಅಲ್ಲೇ ನಿಂತಿತ್ತು, ಗಾಬರಿಯಾಗಿ ಕೊಂಬೆಗೆ ಹಾರಿತು.

"ಇವಳು ಚುಚ್ಚೋದು ಹಿಂದಕ್ಕೆ ನುಗ್ಗಿ. ಎಸೆಯೋದಿಲ್ಲ. ಚುಚ್ಚಿದರೆ ಎದೆಗೋ ಕಾಲಿಗೋ ತಾಕಬೇಕು, ಅದೂ ಐದಾರು ಮುಳ್ಳು ಒಟ್ಟಿಗೆ. ಗರಿಕಪ್ಪನಿಗೆ ನಾಟಿದ್ದು ಒಂದೇ ಮುಳ್ಳು, ಕತ್ತಿಗೆ, ಮೇಲಿನಿಂದ. ಅದರ ಬುಡ ನೋಡಿ. ಹಸಿ ಮುಳ್ಳಾದರೆ ಬುಡದಲ್ಲಿ ತೇವ ಇರುತ್ತೆ. ಇದು ಎಂದೋ ಉದುರಿ ಒಣಗಿದ್ದು. ಮತ್ತೆ, ಮುಳ್ಳು ತೆಳ್ಳಗಿದೆ, ಗಾಯ ಅಗಲವಾಗಿದೆ. ಗಾಯ ಮೊದಲು ಆಗಿದೆ. ಮುಳ್ಳು ಆಮೇಲೆ ಬಂದಿದೆ."

ಆಲದ ಕೆಳಗೆ ಗುಸುಗುಸು ಎದ್ದಿತು. ಸೊಗಸಯ್ಯ ಮಾತ್ರ ನಗುತ್ತಲೇ, "ಹಾಗಾದರೆ ಯಾರು ಅಂತಲೂ ಹೇಳಿಬಿಡಿ ಚಿಪ್ಪಯ್ಯನವರೇ, ನಮಗೂ ಕುತೂಹಲ" ಎಂದ.

"ನಿನ್ನೆ ಸಂಜೆಯವರೆಗೂ ನನಗೆ ಗೊತ್ತಿರಲಿಲ್ಲ" ಎಂದ ಚಿಪ್ಪಯ್ಯ. "ಮುಳ್ಳಿನ ಬುಡದಲ್ಲಿ ಹಲ್ಲಿನ ಗುರುತಿತ್ತು. ಎರಡು ಕುಳಿ, ನಡುವೆ ಒಂದು ಹಲ್ಲಿನಷ್ಟು ಜಾಗ ಖಾಲಿ, ಆಮೇಲೆ ಇನ್ನೊಂದು ಕುಳಿ. ಯಾರ ಬಾಯಿ ಅಂತ ಹುಡುಕೋದು? ಕಾಡಿನವರ ಬಾಯಿಯೆಲ್ಲ ಬಿಡಿಸಿ ನೋಡೋಕಾಗುತ್ತಾ? ಹಸಿವಾಯಿತು, ಮುಳ್ಳನ್ನು ಹೊಟ್ಟೆಯ ಮಡಿಕೆಯಲ್ಲೇ ಇಟ್ಟುಕೊಂಡು ತಿಂಡಿಗೆ ಹೊರಟೆ. ನನ್ನ ತಿಂಡಿ ಗೆದ್ದಲು ಅಂತ ನಿಮಗೆಲ್ಲ ಗೊತ್ತು. ಕೆರೆಯ ಬಂಡೆ ಮೇಲೆ ಹುತ್ತದ ಮಣ್ಣಿನ ಮೊಲ ಇತ್ತು. ಒಳಗೆ ಗೆದ್ದಲು ಇನ್ನೂ ಓಡಾಡ್ತಾ ಇದ್ದವು. ನಾಲಿಗೆ ಚಾಚಿದೆ. ಮೂಗಿಗೆ ಮುಳ್ಳು ತಾಕಿತು."

ಅವನು ಹಿಂದೆ ಇಟ್ಟಿದ್ದ ಮಣ್ಣಿನ ಮೊಲವನ್ನು ಮುಂದಕ್ಕೆ ಉರುಳಿಸಿದ. ಕತ್ತಿನಲ್ಲಿ ಆಟದ ಮುಳ್ಳು ಇನ್ನೂ ನಾಟಿತ್ತು. ಅದನ್ನು ಕಿತ್ತು ಕೊಲೆಯ ಮುಳ್ಳಿನ ಪಕ್ಕ ಇಟ್ಟ. ಗಿರಿಯಜ್ಜ ಬಗ್ಗಿ ನೋಡಿದ. ಅಲ್ಲೂ ಎರಡು ಕುಳಿ, ಖಾಲಿ ಜಾಗ, ಮತ್ತೊಂದು ಕುಳಿ. ಇಲ್ಲೂ ಅದೇ.

"ಸೊಗಸಯ್ಯ, ಬಾಯಿ ತೆಗೆ" ಎಂದ ಗಿರಿಯಜ್ಜ.

ಎರಡು ದಿನ ಮುಚ್ಚದ ಬಾಯಿ ಈಗ ತೆರೆಯಲಿಲ್ಲ. ಹಲ್ಲು ಕಚ್ಚಿಕೊಂಡೇ ಸೊಗಸಯ್ಯ ಹೇಳಿದ, "ನಾನು ಆಟಕ್ಕೆ ಕಚ್ಚಿದ್ದು. ಅಲ್ಲಿ ಯಾವ್ಯಾವುದೋ ಮುಳ್ಳು ಬಿದ್ದಿದ್ದವು. ಎರಡೂ ಬೆರೆತು ಹೋಗಿರಬೇಕು."

"ಇದು ಮೊದಲ ದಿನದಿಂದ ನನ್ನ ಹೊಟ್ಟೆಯ ಮಡಿಕೆಯಲ್ಲೇ ಇದೆ" ಎಂದ ಚಿಪ್ಪಯ್ಯ. "ನೀನು ಆಟ ಶುರು ಮಾಡಿದ್ದು ಮರುದಿನ."

"ಬೇರೆ ಯಾರೋ ಆಟದ ಮುಳ್ಳನ್ನ ಕಚ್ಚಿದ್ದರೆ? ಅಷ್ಟೊಂದು ಜನ ಇದ್ದರು."

ಕೋತಿ ಕೊಂಬೆಯಿಂದ ಇಣುಕಿತು. "ಯಾರಪ್ಪ ಕಚ್ಚಿದ್ದು? ನನಗೆ ಮುಟ್ಟೋಕೂ ಬಿಡಲಿಲ್ಲ ನೀನು. ಅಭ್ಯಾಸ ಬೇಕು ಅಂದೆ. ಅಭ್ಯಾಸ ಎಲ್ಲಿ ಆಯ್ತು ಅಂತ ಈಗ ಗೊತ್ತಾಯ್ತು."

ಗಿರಿಯಜ್ಜನ ಹಿಂದೆ ಮಲಗಿದ್ದ ಹುಲಿ ಎದ್ದು ಮೈಮುರಿದು ಸೊಗಸಯ್ಯನ ಪಕ್ಕಕ್ಕೆ ಬಂದು ಕೂತಿತು. ಸೊಗಸಯ್ಯ ಬಾಯಿ ತೆಗೆದ. ಬಲಗಡೆ ಸಾಲಿನಲ್ಲಿ ಒಂದು ಹಲ್ಲು ಬುಡಮಟ್ಟ ಮುರಿದಿತ್ತು.

ಆಮೇಲೆ ಎಲ್ಲ ಹೊರಗೆ ಬಂತು. ಅವನಿಗೆ ಹಸಿವೇನೂ ಇರಲಿಲ್ಲ. ಗರಿಕಪ್ಪ ದುಂಡಗಿದ್ದ, ಒಬ್ಬನೇ ಇದ್ದ, ಬಾಯಿ ಚಪಲ ತಡೆಯಲಾಗಲಿಲ್ಲ. ಕಚ್ಚಿ ಬೀಳಿಸುವಷ್ಟರಲ್ಲಿ ಕೊಕ್ಕರೆಗಳ ಹಿಂಡು ಇಳಿದು ಬಂತು. ಗಡಿಬಿಡಿಯಲ್ಲಿ ದಾರಿಯಲ್ಲಿ ಬಿದ್ದಿದ್ದ ಮುಳ್ಳನ್ನು ತನ್ನ ಹಲ್ಲಿನ ಗಾಯಕ್ಕೇ ತುರುಕಿ ಓಡಿದ್ದ. ಸುಮ್ಮನಿದ್ದಿದ್ದರೆ ಚಿಪ್ಪಯ್ಯನಿಗೆ ಹೋಲಿಸಿ ನೋಡಲು ಇನ್ನೊಂದು ಮುಳ್ಳು ಸಿಗುತ್ತಲೇ ಇರಲಿಲ್ಲ. ಆದರೆ ಬಂಡೆ ಹತ್ತಿದವನಿಗೆ ಇಳಿಯುವ ಮನಸ್ಸಾಗಲಿಲ್ಲ. ದೇವರು ಕಳ್ಳನಿಗೂ ಅವನ ನಾಲಿಗೆಯನ್ನೇ ಕಾವಲು ಹಾಕಿರುತ್ತಾನೆ.

ಮಧ್ಯಾಹ್ನದೊಳಗೆ ಸೊಗಸಯ್ಯ ಗುಡ್ಡ ಹತ್ತಿ ಆಚೆಗೆ ಹೋದ. ಹುಲಿ ಗಡಿಯವರೆಗೆ ಜೊತೆಗೆ ಹೋಗಿ ಬಂತು.

ಬೆಟ್ಟಯ್ಯ ಬಂದು ಸೂಜವ್ವನ ಮುಂದೆ ಕೊಂಬು ತಗ್ಗಿಸಿ ನಿಂತ. "ತಪ್ಪಾಯಿತು ತಾಯಿ. ನಾನು ನೋಡಿದ್ದು ನನಗೇ ಮರೆಯೋ ಹಾಗೆ ಮಾತಾಡಿಬಿಟ್ಟರು."

"ಹೋಗಲಿ ಬಿಡಣ್ಣ. ಇನ್ನು ಮೇಲೆ ಮರೀಬೇಡ" ಎಂದಳು ಸೂಜವ್ವ.

ಅಷ್ಟರಲ್ಲಿ ಕೆರೆಯ ಬಂಡೆಯ ಸುತ್ತ ಮತ್ತೆ ಗುಂಪು ಸೇರಿತ್ತು. "ನನಗಂತೂ ಮೊದಲೇ ಅನುಮಾನ ಇತ್ತು" ಎನ್ನುತ್ತಿತ್ತು ನವಿಲು. "ಆ ಬಾಲದ ಮಿರುಗು ನೋಡಿದರೇ ಗೊತ್ತಾಗ್ತಿತ್ತು." ಸೂಜವ್ವನನ್ನು ಕಂಡದ್ದೇ ಎಲ್ಲರೂ ದಾರಿ ಬಿಟ್ಟರು. "ಬಾರಮ್ಮ, ಬಂಡೆ ಹತ್ತು. ಹೇಗನ್ನಿಸಿತು ಹೇಳು. ಮೊದಲಿಂದ ಹೇಳು."

ಸೂಜವ್ವ ಬಂಡೆ ಹತ್ತಲಿಲ್ಲ. "ಗರಿಕಪ್ಪನ ಹೆಂಡತಿ ತುಂಬವ್ವ ಎಲ್ಲಿ?" ಎಂದು ಕೇಳಿದಳು.

ನವಿಲು ಗರಿ ಸರಿಮಾಡಿಕೊಳ್ಳತೊಡಗಿತು.

"ಅವಳು ನೀರಿಗೆ ಬಂದದ್ದನ್ನ ಈ ಮೂರು ದಿನದಲ್ಲಿ ಯಾರಾದರೂ ನೋಡಿದಿರಾ?"

ಕಪ್ಪೆ ಮೆಲ್ಲಗೆ ಹೇಳಿತು, "ಒಂದು ಸಲ ಬಂದಿದ್ದಳು. ಬಂಡೆ ಮೇಲೆ ಆಟ ನಡೀತಾ ಇತ್ತು. ಗಂಡನ ಹಾಗೇ ಇದ್ದ ಬೊಂಬೆಗೆ ಚುಚ್ಚೋದು ನೋಡಿ ಅಲ್ಲಿಂದಲೇ ವಾಪಸ್ ಹೋದಳು."

ಸೂಜವ್ವ ಮರಿಗಳನ್ನು ಕರೆದುಕೊಂಡು ನೇರವಾಗಿ ಮೊಲಗಳ ಪೊದೆಗೆ ನಡೆದಳು. ಒಳಗೆ ತುಂಬವ್ವ ಒಣಗಿದ ತುಟಿಯಲ್ಲಿ ಕೂತಿದ್ದಳು. ಪಕ್ಕದಲ್ಲಿ ನಾಲ್ಕು ಮರಿಗಳು ನಾಲಿಗೆ ಹೊರಚಾಚಿಕೊಂಡು ಮಲಗಿದ್ದವು. ಮುಳ್ಳು ಕಂಡದ್ದೇ ಅವಳು ಬೆಚ್ಚಿ ಹಿಂದೆ ಸರಿದಳು. ಆಲದ ಕೆಳಗಿನ ತೀರ್ಪನ್ನು ಅವಳಿಗೆ ಯಾರೂ ತಿಳಿಸಿರಲಿಲ್ಲ.

ಸೂಜವ್ವ ಮುಳ್ಳುಗಳನ್ನೆಲ್ಲ ಮೈಗೆ ಮಡಚಿಕೊಂಡು ದೂರದಲ್ಲೇ ಕೂತಳು. ನಡೆದದ್ದನ್ನೆಲ್ಲ ಮೆಲ್ಲಗೆ ಹೇಳಿದಳು. ತುಂಬವ್ವ ಬಹಳ ಹೊತ್ತು ಅತ್ತಳು.

"ಬಾ ತಂಗಿ, ಮಕ್ಕಳಿಗೆ ಬಾಯಾರಿದೆ" ಎಂದಳು ಸೂಜವ್ವ ಕೊನೆಗೆ.

ಇಬ್ಬರೂ ಆರು ಮರಿಗಳನ್ನು ನಡುವೆ ಬಿಟ್ಟುಕೊಂಡು ಕೆರೆಗೆ ಬಂದರು. ಬಂಡೆಯ ಸುತ್ತ ಇದ್ದವರು ಅವರನ್ನು ನೋಡಿದರು. ನವಿಲು ಅರ್ಧ ಹೇಳಿದ ಮಾತನ್ನು ಅಲ್ಲಿಗೇ ನಿಲ್ಲಿಸಿತು. ಒಬ್ಬೊಬ್ಬರಾಗಿ ಸರಿದು ನೀರಿಗೆ ದಾರಿ ಮಾಡಿಕೊಟ್ಟರು. ಮೊಲದ ಮರಿಗಳು ನೀರು ಕುಡಿಯುವ ಸದ್ದು ಬಿಟ್ಟರೆ ಆ ದಂಡೆಯಲ್ಲಿ ಬೇರೆ ಸದ್ದಿರಲಿಲ್ಲ.

ನೀತಿ: ನ್ಯಾಯ ತೀರ್ಮಾನವಾಗುವ ಮೊದಲು ಸಾಕ್ಷ್ಯವನ್ನು ಬಾಯಿಗೆ ಬಂದಂತೆ ಚರ್ಚಿಸಬಾರದು. ಅದರಿಂದ ನಿರಪರಾಧಿಗೂ ನೋವು, ಸತ್ತವರ ಮನೆಯವರಿಗೂ ನೋವು. ಸತ್ಯವನ್ನು ದೇವರು ಕಾಯುತ್ತಾನೆ. ನಾವು ನಾಲಿಗೆಯನ್ನು ಕಾದುಕೊಂಡರೆ ಸಾಕು.