ಐತಾಳರ ನೆಂಟರಿಗೆ ತೆರಿಗೆ

ಕಡಲತೀರದ ಆ ಪೇಟೆಯಲ್ಲಿ ವಾಸುದೇವ ಐತಾಳರಷ್ಟು ಬಂಧುಪ್ರೇಮ ಇನ್ನೊಬ್ಬರಿಗಿಲ್ಲ ಎಂದು ಎಲ್ಲರೂ ನಂಬಿದ್ದರು. ಪಟ್ಟಣ ಪಂಚಾಯತಿ ಹೋಮ್‌ಸ್ಟೇಗಳ ಮೇಲೆ ವಸತಿ ತೆರಿಗೆ ಹಾಕಿದ ಮೇಲಂತೂ ಅವರ ಮಹಡಿಯ ಕೋಣೆಗಳಲ್ಲಿ ಬಾಡಿಗೆಯವರೇ ಇರಲಿಲ್ಲ. ಇದ್ದವರೆಲ್ಲ ನೆಂಟರು. ನೆಂಟರಿಗೆ ತೆರಿಗೆ ಇಲ್ಲ.

ವಸೂಲಿಗೆ ಬಂದ ಗುಮಾಸ್ತ, ಮೆಟ್ಟಿಲ ಮೇಲೆ ಬ್ಯಾಗು ಹಿಡಿದು ಕೂತಿದ್ದ ಪಂಜಾಬಿ ಯುವಕನನ್ನು ತೋರಿಸಿದ. "ಇವರು?"

"ನನ್ನ ಚಿಕ್ಕಪ್ಪನ ಮಗನ ಮಗ," ಎಂದರು ಐತಾಳರು. "ನೆಂಟರಿಗೆ ಅವಮಾನ ಮಾಡಿದ್ದಕ್ಕೆ ನಾಳೆ ನನ್ನ ಮಗಳ ನಿಶ್ಚಿತಾರ್ಥದಲ್ಲಿ ಎಲ್ಲರೆದುರು ಕ್ಷಮೆ ಕೇಳು. ಇಲ್ಲದಿದ್ದರೆ ನಿನ್ನ ಕೆಲಸ ಹೋಯಿತೆಂದೇ ತಿಳಿ."

ಗುಮಾಸ್ತ ಯುವಕನೊಡನೆ ಹಿಂದಿಯಲ್ಲಿ ಸ್ವಲ್ಪ ಮಾತಾಡಿದ. ಮುಖ ಸಪ್ಪಗೆ ಮಾಡಿಕೊಂಡು ಬಂದ.

"ನಿಶ್ಚಿತಾರ್ಥ ಮುಂದೆ ಹಾಕಬೇಕಲ್ಲ ಐತಾಳರೇ. ಇವರ ಅಜ್ಜ ಬೆಳಿಗ್ಗೆ ತೀರಿಕೊಂಡರಂತೆ. ಅಂದರೆ ನಿಮ್ಮ ಚಿಕ್ಕಪ್ಪ. ಹತ್ತು ದಿನ ಸೂತಕ. ಬೀಗರ ಮನೆ ನನ್ನ ದಾರಿಯಲ್ಲೇ ಇದೆ, ಹೇಳಿ ಹೋಗಲಾ?"

"ಎಂಥ ಸೂತಕ ಮಾರಾಯ! ಅವನು ಯಾರೋ ಎಂತದೋ! ಬಾಡಿಗೆ ಕೊಟ್ಟ, ಮಲಗಿದ, ಅಷ್ಟೇ!"

"ಉಳಿದ ಕೋಣೆಯವರು? ಅವರಿಗೂ ವಯಸ್ಸಾದ ಅಜ್ಜಂದಿರು ಇರ್ತಾರೆ. ನಾಳೆ ಬೆಳಗಾಗುವುದರೊಳಗೆ ಏನು ಸುದ್ದಿ ಬರ್ತದೋ."

ಐತಾಳರು ಬೆವರು ಒರೆಸಿಕೊಂಡರು. "ಎಲ್ಲರೂ ಬಾಡಿಗೆಯವರೇ. ಬರಕೊ."

ಗುಮಾಸ್ತ ರಸೀದಿ ಹರಿದು ಕೊಟ್ಟು ಹೊರಟ.

ನಿಶ್ಚಿತಾರ್ಥಕ್ಕೆಂದು ಊರಿಗೆ ಬಂದ ಐತಾಳರ ಒಡಹುಟ್ಟಿದ ತಮ್ಮ, ಬಸ್‌ಸ್ಟ್ಯಾಂಡಿನ ಎದುರಿನ ಲಾಡ್ಜಿನಲ್ಲಿ ಇಳಿದಿದ್ದ.