ಮೇಲೆ ಬಂದ ಮೀನುಗಳು

ಕಥೆ ಹೇಳಿ ನನಗೆ ರೂಢಿಯಿಲ್ಲ. ಬೇಕಿಲ್ಲದ ಕಡೆಯೂ ಬಿಡಿಸಿ ಹೇಳಿಬಿಡುತ್ತೇನೆ, ದಯವಿಟ್ಟು ಸಹಿಸಿಕೊಳ್ಳಿ.

ಆಶ್ರಮದ ಕೊಳದ ಮೀನುಗಳೆಂದರೆ ಶಿಷ್ಯ ಬಸವಂತನಿಗೆ ಪ್ರಾಣ. ಒಂದು ಬೆಳಿಗ್ಗೆ ಅವನು ಓಡೋಡಿ ಬಂದ.

“ಗುರುಗಳೇ, ಮೀನೆಲ್ಲ ಮೇಲೆ ಬಂದಿವೆ! ನಾನು ಮಂತ್ರ ಹೇಳುತ್ತಿದ್ದರೆ ಬಾಯಿ ತೆರೆದು ಕೇಳುತ್ತಿವೆ!”

ಗುರು ಮರುಳಯ್ಯ ಬಂದು ನೋಡಿದರು. ಒಂದು ಮೀನು ಆಗಲೇ ಮಗ್ಗುಲಾಗಿ ತೇಲುತ್ತಿತ್ತು.

“ಕೇಳುತ್ತಿಲ್ಲಪ್ಪ, ಉಸಿರಿಗೆ ಒದ್ದಾಡುತ್ತಿವೆ. ಇಲ್ಲಿ ಏನು ತೊಳೆದೆ?”

“ಬದನೆಗಿಡಕ್ಕೆ ಔಷಧಿ ಹೊಡೆದ ಕ್ಯಾನು.”

“ಔಷಧಿಯೇ? ನನಗೂ ಕೆಮ್ಮಿದೆ. ಒಂದು ಚಮಚ ಕೊಡು.”

“ಅಯ್ಯೋ, ಬೇಡ ಗುರುಗಳೇ, ಅದು ವಿಷ!”

ಹೇಳಿದ ಮೇಲೆ ಅವನ ಕಿವಿಗೇ ಆ ಮಾತು ಬಿತ್ತು. (ನಮ್ಮ ಕಡೆ ಕೀಟನಾಶಕಕ್ಕೆ ಔಷಧಿ ಎಂದೇ ಹೇಳುವುದು. ಅದು ಮೀನಿನ ಕಿವಿರನ್ನು ಕೆಡಿಸುತ್ತದೆ, ಆಗ ನೀರಿನಲ್ಲಿದ್ದೂ ಉಸಿರು ಸಾಲುವುದಿಲ್ಲ.)

“ಹೆಸರು ಈಗ ಸರಿಯಾಯಿತು. ಕೈಯೂ ಓಡಲಿ” ಎಂದು ಗುರುಗಳು ಅಡುಗೆಮನೆಯ ಕೊಡಗಳನ್ನೇ ತಂದಿಟ್ಟರು.

“ಮೀನು ಹೊತ್ತ ಕೊಡದಲ್ಲಿ ನಾನು ಅಡುಗೆ ಮಾಡಲೇ?” ಅಡುಗೆಯ ಗಂಗವ್ವ ರೇಗಿದಳು.

“ಇವತ್ತು ನಮಗೆಲ್ಲ ಉಪವಾಸ ತಾಯಿ.”

ಬಸವಂತ ಹೊದ್ದ ವಲ್ಲಿಯಲ್ಲೇ ಮೀನು ಹಿಡಿದು, ಒರತೆನೀರಿನ ತೊಟ್ಟಿಗೆ ಹೊತ್ತ. ಸಂಜೆಯವರೆಗೂ ಹೊತ್ತ. ಕೆಲವು ಸತ್ತವು. ಹೆಚ್ಚಿನವು ಬಾಲ ಆಡಿಸಿದವು.

“ಕೊಳದ ತೂಬು ತೆಗೆದು ನೀರನ್ನು ಹೊಳೆಗೆ ಬಿಡಲೇ?”

“ಹೊಳೆಯ ಮೀನು ನಿನಗೇನು ಮಾಡಿದ್ದವು?”

ತೂಬು ಮುಚ್ಚಿಯೇ ಇತ್ತು. ಆಶ್ರಮದ ತೋಟಕ್ಕೆ ಮತ್ತೆ ಆ ಕ್ಯಾನು ಬರಲಿಲ್ಲ. ಬಸವಂತ ಎಲೆಎಲೆ ತಿರುಗಿಸಿ ಹುಳ ಆರಿಸಿದ. ತಿಂಗಳುಗಳು ಕಳೆದು, ಕೊಳದಲ್ಲಿ ನೀರುಹುಳುಗಳು ತಾವಾಗಿ ಓಡಾಡತೊಡಗಿದ ಮೇಲೆ (ಹುಳ ಬದುಕಿತೆಂದರೆ ವಿಷ ಇಳಿದಿದೆ ಎಂದರ್ಥ) ಮೀನುಗಳನ್ನು ತಂದು ಬಿಟ್ಟ.

ಮರುದಿನ ಹಿಡಿ ಮಂಡಕ್ಕಿ ತೆಗೆದುಕೊಂಡು ಹೋದ. ಅವನ ನೆರಳು ನೀರಿಗೆ ಬಿದ್ದದ್ದೇ ತಡ, ಅಷ್ಟೂ ಮೀನುಗಳು ಫಳಕ್ಕನೆ ಆಳಕ್ಕಿಳಿದು ಮಾಯವಾದವು.

ಅವನ ಮುಖ ಸಣ್ಣದಾಯಿತು. “ಹೊತ್ತು ಬದುಕಿಸಿದವನು ನಾನು. ನನ್ನನ್ನೇ ಕಂಡು ಓಡುತ್ತವೆ!”

ಮರುಳಯ್ಯ ಚಪ್ಪಾಳೆ ತಟ್ಟಿ ನಕ್ಕರು. “ಗೆದ್ದೆ ಕಣೋ ಬಸವಂತ! ಗಟ್ಟಿಯಾದ ಮೀನು ಯಾರ ಮುಂದೆಯೂ ಬಾಯಿ ತೆರೆದು ನಿಲ್ಲುವುದಿಲ್ಲ. ಇನ್ನು ಗಟ್ಟಿಯಾದ ಶಿಷ್ಯ ಇದ್ದಾನಲ್ಲ, ಅವನು...”

“ಗುರುಗಳೇ, ಅನ್ನ ಆರುತ್ತಿದೆ!” ಒಳಗಿನಿಂದ ಗಂಗವ್ವ ಕೂಗಿದಳು.

“ಬಂದೆ ತಾಯಿ, ಬಂದೆ!”