ಬಾಳವ್ವ ಬರೆದ ಮೂರು ಸುಳ್ಳು ಮನೆತನ

ಹೊಳೆಯಾಚೆ ಕೆಂದೂರು ಅಂತ ಒಂದು ರಾಜ್ಯವಿತ್ತು. ಅದನ್ನು ಹೊನ್ನರಸನೆಂಬ ರಾಜ ಆಳುತ್ತಿದ್ದ. ಆ ರಾಜ್ಯದಲ್ಲಿ ಮನೆಮನೆಗೂ ಒಂದು ಕಂಪ್ಯೂಟರ್ ಇತ್ತು. ರಾಜರ ಕಾಲದಲ್ಲಿ ಕಂಪ್ಯೂಟರ್ ಎಲ್ಲಿಂದ ಬಂತು ಅಂತ ಕೊಕ್ಕೆ ಹಾಕಬೇಡಿ. ಕಥೆಯಲ್ಲಿ ಗಿಣಿ ಮಾತಾಡಿತು ಅಂದರೆ ಸುಮ್ಮನೆ ತಲೆ ಆಡಿಸುತ್ತೀರಲ್ಲ, ಇದಕ್ಕೂ ಆಡಿಸಿ.

ಆ ರಾಜ್ಯದಲ್ಲಿ ಒಂದು ಕಟ್ಟಳೆ ಇತ್ತು. ಏಳು ತಲೆಮಾರಿನ ಹಿರಿಯರ ಹೆಸರನ್ನು ದರ್ಬಾರಿನಲ್ಲಿ ತಪ್ಪಿಲ್ಲದೆ ಹೇಳಿದವನೇ ಮನೆಗೆ, ಹೊಲಕ್ಕೆ ಹಕ್ಕುದಾರ. ಹೆಸರು ಮರೆತವರು ಮೊದಲೇ ಹೆಳವರನ್ನು ಕೇಳಿ ಕಲಿತಿರಬೇಕು, ದರ್ಬಾರಿನಲ್ಲಿ ನಿಂತ ಮೇಲೆ ಕೇಳುವಂತಿಲ್ಲ. ಹೆಳವರೆಂದರೆ ಎತ್ತಿನ ಮೇಲೆ ಊರೂರು ತಿರುಗಿ, ಯಾರ ಮನೆತನ ಎಲ್ಲಿಂದ ಬಂತು, ಯಾರ ಹೊಟ್ಟೆಯಲ್ಲಿ ಯಾರು ಹುಟ್ಟಿದರು ಅಂತ ಹಾಡಿ ಹೇಳುವವರು. ಕೆಂದೂರಿನ ಹೆಳವನ ಹೆಸರು ಶೆಟ್ಟೆಪ್ಪ. ಅವನ ಹೆಂಡತಿ ಬಾಳವ್ವ. ಗಂಡನ ಕಣ್ಣು ಮಂಜಾದಾಗ ಬಾಳವ್ವ ಹಳೇ ಪುಸ್ತಕದಲ್ಲಿದ್ದ ಹೆಸರುಗಳನ್ನೆಲ್ಲ ಒಂದೊಂದಾಗಿ ಮನೆಯ ಕಂಪ್ಯೂಟರಿಗೆ ಏರಿಸಿದಳು.

ಕಂಪ್ಯೂಟರ್ ಹಿಂದೆ ವೈರಸ್ ಬಂತು. ವೈರಸ್ ಹಿಂದೆ ಆಂಟಿವೈರಸ್ ಬಂತು. ಕೆಂದೂರಿನಲ್ಲಿ ಮೂರು ಬಗೆಯ ಆಂಟಿವೈರಸ್ ಇದ್ದವು. ಒಂದು ನಾಯಿ, ಒಂದು ಮುಂಗುಸಿ, ಒಂದು ಗಿಣಿ. ಮೂರೂ ಪರದೆಯೊಳಗೇ ಕೂತು ಮಾತಾಡುತ್ತಿದ್ದವು.

ಬಾಳವ್ವ ಮೊದಲು ನಾಯಿ ತಂದಳು. ಏನು ತೆರೆದರೂ ಅದು "ನಿಲ್ಲು, ಯಾರು ನೀನು?" ಅನ್ನುತ್ತಿತ್ತು. ತಾನೇ ಬರೆದದ್ದನ್ನು ತಾನೇ ತೆರೆಯಲು ಒಲೆ ಮೇಲಿನ ಬೇಳೆ ಬೇಯುವಷ್ಟು ಹೊತ್ತು. ಬೇಸತ್ತು ತೆಗೆದಳು. ಆಮೇಲೆ ಮುಂಗುಸಿ ತಂದಳು. ಅದು ಚುರುಕು, ಆದರೆ ದುಡುಕು. ಎಣ್ಣೆ ಗಾಣದವರ ಮನೆತನದ ನಾಲ್ಕನೇ ತಲೆಮಾರನ್ನೇ ವೈರಸ್ ಅಂತ ತಿಳಿದು ನುಂಗಿಬಿಟ್ಟಿತು. ಶೆಟ್ಟೆಪ್ಪ ನೆನಪಿನಿಂದ ಮತ್ತೆ ಬರೆಸಬೇಕಾಯಿತು. ಅದನ್ನೂ ತೆಗೆದಳು.

ಅಷ್ಟರಲ್ಲಿ ರಾಜ ಮೂವರು ಪಂಡಿತರನ್ನು ಕೂರಿಸಿ, ಮೂರನ್ನೂ ಹೋಲಿಸಿ ಯಾವುದು ಮೇಲು ಹೇಳಿ ಅಂದ. ಮೊದಲನೇ ಪಂಡಿತ, ನೀನು ಎಷ್ಟು ವೈರಸ್ ಹಿಡಿಯುತ್ತೀ ಅಂತ ಕೇಳಿದ. ಎರಡನೆಯವನು, ಕಂಪ್ಯೂಟರನ್ನು ಎಷ್ಟು ನಿಧಾನ ಮಾಡುತ್ತೀ ಅಂತ ಕೇಳಿದ. ಮೂರನೆಯವನು, ಮನೆಯವರಿಗೆ ಎಷ್ಟು ಕಾಟ ಕೊಡುತ್ತೀ ಅಂತ ಕೇಳಿದ. ಮೂರರಲ್ಲೂ ಗಿಣಿಯೇ ಗೆದ್ದಿತು. ದಿವಾನ ಮಲ್ಲರಸ ಮುಂದೆ ಬಂದು, ಬಡವರ ಮನೆಗೆ ಗಿಣಿಯನ್ನು ಪುಕ್ಕಟೆ ಹಂಚುತ್ತೇನೆ ಅಂದ. ಜನ ಕೈ ಮುಗಿದರು. ಬಾಳವ್ವನೂ ತಂದಳು. ಬೆಳಿಗ್ಗೆ ಕಂಪ್ಯೂಟರ್ ಹಾಕಿದರೆ "ಎಲ್ಲಾ ಕ್ಷೇಮ ತಾಯಿ" ಅನ್ನುತ್ತಿತ್ತು. ಮತ್ತೆ ಸೊಲ್ಲೆತ್ತುತ್ತಿರಲಿಲ್ಲ.

ಗಿಣಿ ಬಂದು ಎರಡು ತಿಂಗಳಾಗಿರಬೇಕು. ದರ್ಬಾರಿಗೆ ಒಬ್ಬ ಅಪರಿಚಿತ ಬಂದ. ಗಂಗವ್ವನೆಂಬ ವಿಧವೆಯ ಹೊಲ ತನ್ನದು, ತಾನು ಅವಳ ಗಂಡನ ದಾಯಾದಿ ಅಂದ. ಏಳು ತಲೆಮಾರಿನ ಹೆಸರನ್ನು ಗಡಗಡ ಹೇಳಿದ. ಗಂಗವ್ವನಿಗೆ ನಾಲ್ಕೇ ನೆನಪಿದ್ದವು. ಹೊಲ ಹೋಯಿತು, ಮನೆಯೂ ಹೋಯಿತು. ತಂದೆತಾಯಿ ಇಲ್ಲದ ಅಕ್ಕತಂಗಿಯರಿಬ್ಬರ ಮೇಲೆ ಇನ್ನೊಬ್ಬ ಬಂದ. ಅವರಿಗೆ ಮೂರೇ ಗೊತ್ತಿದ್ದವು. ಅವರದೂ ಹೋಯಿತು. ಮಾತು ಬಾರದ ಕಮ್ಮಾರನ ಮೇಲೆ ಮತ್ತೊಬ್ಬ ಬಂದ. ಕಮ್ಮಾರನಿಗೆ ಏಳೂ ಗೊತ್ತಿದ್ದವು, ಹೇಳಲು ನಾಲಿಗೆ ಏಳಲಿಲ್ಲ. ಅವನು ದರ್ಬಾರಿನಲ್ಲಿ ಎದೆ ಎದೆ ಬಡಿದುಕೊಂಡದ್ದನ್ನು ನೋಡಿಯೂ ರಾಜ ಕಟ್ಟಳೆ ಕಟ್ಟಳೆಯೇ ಅಂದ. ಆ ರಾಜನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಗಂಗವ್ವ ಎಲ್ಲಿಗೂ ಹೋಗಲಿಲ್ಲ. ತನ್ನದೇ ಹೊಸ್ತಿಲ ಹೊರಗೆ ಮೂರು ದಿನ ಬಿಸಿಲಲ್ಲಿ ಕೂತಳು. ನಾಲ್ಕನೇ ದಿನ ಏಳಲಿಲ್ಲ.

ಊರು ಗುಸುಗುಸು ಅಂದಿತು. ದಿವಾನ ಅದನ್ನೇ ಗಟ್ಟಿಯಾಗಿ ಹೇಳಿದ. "ಯಾರ ಮನ್ಯಾಗ ದಿಕ್ಕಿಲ್ಲ, ಯಾರ ಹಿರಿಯರ ಹೆಸರೇನು, ಇದು ಹೆಳವನ್ನ ಬಿಟ್ಟು ಯಾರಿಗೆ ಗೊತ್ತೈತಿ ಮಹಾರಾಜ್ರ?"

ರಾಜ ಶೆಟ್ಟೆಪ್ಪನನ್ನು ಸೆರೆಗೆ ಹಾಕಿಸಿದ. ಮೂರನೇ ಸಂತೆಯ ದಿನ ನಡುಮಧ್ಯಾಹ್ನ ಅವನ ನಾಲಿಗೆ ಕತ್ತರಿಸಿ ಅಂತ ಅಪ್ಪಣೆ ಮಾಡಿದ.

ಬಾಳವ್ವ ಬುತ್ತಿ ಕಟ್ಟಿಕೊಂಡು ಸೆರೆಮನೆಗೆ ಹೋದಳು. ಶೆಟ್ಟೆಪ್ಪ ರೊಟ್ಟಿ ಮುಟ್ಟಲಿಲ್ಲ.

"ನಾ ಯಾರಿಗೂ ಹೇಳಿಲ್ಲ ಬಾಳಿ. ನೀನಾದ್ರೂ ನಂಬ್ತಿ?"

"ನಂಬ್ತೀನಿ. ನೀವೂ ಹೇಳಿಲ್ಲ, ನಾನೂ ಹೇಳಿಲ್ಲ. ಅಂದ್ರ ಮನ್ಯಾಗಿನವ್ರು ಮತ್ತ್ಯಾರೋ ಹೇಳ್ಯಾರ."

"ಮನ್ಯಾಗ ನಾವಿಬ್ಬರ ಅಲ್ಲೇನು?"

"ಕಾವಲಿಗೆ ಇಟ್ಕೊಂಡವ್ರನ್ನ ನೀವು ಲೆಕ್ಕಕ್ಕ ಹಿಡೀಲಿಲ್ಲ" ಅಂದಳು ಬಾಳವ್ವ. ಒಂದೇ ವರ್ಷದಲ್ಲಿ ಮೂರು ಕಾವಲು ಆ ಹೆಸರುಗಳನ್ನು ಕಂಡಿದ್ದವು. ಕದ್ದದ್ದು ಯಾವುದು ಅಂತ ಅವಳಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆ ಬೊಟ್ಟು ಮಾಡಿದರೆ ದಿವಾನ ಅವಳ ನಾಲಿಗೆಯನ್ನೂ ಬಿಡುತ್ತಿರಲಿಲ್ಲ.

ಬಾಳವ್ವ ಮನೆಗೆ ಬಂದು ಮೂರು ಸುಳ್ಳು ಮನೆತನ ಕಟ್ಟಿದಳು. ಹುಟ್ಟದವರಿಗೆ ಹೆಸರಿಟ್ಟಳು, ಏಳು ತಲೆಮಾರು ಸರಿಯಾಗಿ ಜೋಡಿಸಿದಳು. ಮೂರಕ್ಕೂ ಒಂದೇ ಹೊಲ ಕೊಟ್ಟು, ಅದರ ಅಳತೆ, ನಾಲ್ಕು ದಿಕ್ಕಿನ ಗಡಿ ಬರೆದಳು. ಕೊನೆಗೆ ಈ ಮನೆತನದಲ್ಲಿ ಈಗ ಯಾರೂ ಉಳಿದಿಲ್ಲ ಅಂತ ಬರೆದಳು. ಒಂದನ್ನು ತಂಗಿಯ ಮನೆಗೆ ಹೋಗಿ, ನಾಯಿ ಕಾಯುವ ಕಂಪ್ಯೂಟರಿನಲ್ಲಿಟ್ಟಳು. ಇನ್ನೊಂದನ್ನು ಗಾಣದವರ ಮನೆಯಲ್ಲಿ, ಮುಂಗುಸಿ ಕಾಯುವ ಕಂಪ್ಯೂಟರಿನಲ್ಲಿಟ್ಟಳು. ಮೂರನೆಯದನ್ನು ತನ್ನ ಮನೆಯಲ್ಲೇ, ಗಿಣಿಯ ಕಣ್ಣೆದುರಿಗೆ ಇಟ್ಟಳು.

ಮೊದಲನೇ ಸಂತೆ ಬಂತು. ದರ್ಬಾರಿಗೆ ಒಬ್ಬ ಬಂದು ಕುಂಟ ಮಡಿವಾಳನ ಮನೆ ಕೇಳಿದ. ಏಳೂ ಹೆಸರು ನಿಜವಾದವೇ. ಮಡಿವಾಳನಿಗೆ ಐದೇ ನೆನಪಿದ್ದವು, ಗಂಟುಮೂಟೆ ಕಟ್ಟಿದ. ಈಗ ಬಾಯಿ ಬಿಟ್ಟರೆ ಒಡ್ಡಿದ ಬಲೆ ಕೆಡುತ್ತದೆ ಅಂತ ಬಾಳವ್ವ ಸೆರಗು ಕಚ್ಚಿಕೊಂಡಳು.

ಎರಡನೇ ಸಂತೆ ಬಂತು. ಯಾರೂ ಬರಲಿಲ್ಲ. ಅರಮನೆಯ ಕ್ಷೌರಿಕ ಅಂಗಳದಲ್ಲಿ ಕೂತು ಕತ್ತಿ ಮಸೆಯುತ್ತಿದ್ದ.

ಮೂರನೇ ಸಂತೆ ಬಂತು. ಶೆಟ್ಟೆಪ್ಪನನ್ನು ಕಂಬಕ್ಕೆ ಕಟ್ಟಿದ್ದರು. ಬಿಸಿಲು ನೆತ್ತಿಗೆ ಬರಲು ಇನ್ನೇನು ಗೇಣಷ್ಟಿತ್ತು. ಆಗ ಜರಿ ರುಮಾಲಿನ ಒಬ್ಬ ಬಂದು ರಾಜನಿಗೆ ಅಡ್ಡಬಿದ್ದ.

"ಎಂಟು ಕೂರಿಗಿ ಹೊಲಕ್ಕ ನಾ ವಾರಸುದಾರ, ಮಹಾರಾಜ್ರ. ನಮ್ಮ ಹಿರಿಯರು ಬಿಳಿಯಪ್ಪ. ಬಿಳಿಯಪ್ಪಗ ಕೊಂಬಣ್ಣ. ಕೊಂಬಣ್ಣಗ ಮೈಲಾರಿ. ಮೈಲಾರಿಗೆ ಕೆಂದಪ್ಪ. ಕೆಂದಪ್ಪಗ ಗುಬ್ಬಣ್ಣ. ಗುಬ್ಬಣ್ಣಗ ಸಾರಂಗಪ್ಪ. ಸಾರಂಗಪ್ಪಗ ಮಚ್ಚಪ್ಪ."

ಕಂಬದ ಹತ್ತಿರ ಶೆಟ್ಟೆಪ್ಪ ತಲೆ ಎತ್ತಿದ. ಏಳು ವರ್ಷದ ಹುಡುಗನಿದ್ದಾಗಿನಿಂದ ಅವನಿಗೆ ಆ ಹೆಸರುಗಳು ಗೊತ್ತಿದ್ದವು.

ಬಾಳವ್ವ ಮುಂದೆ ಬಂದಳು. "ಮಹಾರಾಜ್ರ, ಇವು ಏಳೂ ನನ್ನ ಗಂಡನ ಮನ್ಯಾಗಿನ ಎತ್ತಿನ ಹೆಸರು. ಹೆಳವರು ಇವುಗಳ ಬೆನ್ನ ಮ್ಯಾಲೆ ಕುಂತು ಊರು ತಿರುಗ್ಯಾರ. ನಾಯಿಗೆ ನನ್ನ ತವರಿನ ಏಳು ಹೋತದ ಹೆಸರು ಕೊಟ್ಟಿದ್ದೆ. ಮುಂಗುಸಿಗೆ ಏಳು ಕೋಣದ ಹೆಸರು ಕೊಟ್ಟಿದ್ದೆ. ಎತ್ತಿನ ಹೆಸರು ಗಿಣಿಗೆ ಬಿಟ್ಟು ಯಾರಿಗೂ ತೋರಿಸಿಲ್ಲ. ನನ್ನ ಗಂಡ ಸೆರಿಯೊಳಗಿದ್ದ. ಹಿಂಗ ಬರೆದಿಟ್ಟೀನಿ ಅಂತ ಅವಂಗೂ ಹೇಳಿಲ್ಲ."

ರುಮಾಲಿನವನ ಕಣ್ಣು ದಿವಾನನ ಕಡೆಗೆ ಓಡಿತು. ರಾಜ ಅದನ್ನು ನೋಡಿದ.

ಬಾಳವ್ವನ ಮನೆಯ ಕಂಪ್ಯೂಟರನ್ನು ದರ್ಬಾರಿಗೆ ಹೊತ್ತು ತಂದರು. ಹಾಕಿದ ಕೂಡಲೇ ಗಿಣಿ "ಎಲ್ಲಾ ಕ್ಷೇಮ ತಾಯಿ" ಅಂದಿತು.

"ನಾನು ಬರೆದದ್ದನ್ನ ಎಲ್ಲಿಗೆ ಒಯ್ತಿ?" ಅಂದಳು ಬಾಳವ್ವ.

"ನನ್ನ ಒಡೆಯನ ಮನೆಗೆ."

"ನಿನ್ನ ಒಡೆಯ ಯಾರು?"

"ದಿವಾನ ಮಲ್ಲರಸ."

ರಾಜನ ಮುಖ ಕಪ್ಪಿಟ್ಟಿತು. "ಇದನ್ನ ಮೊದಲ ಯಾಕ ಹೇಳಲಿಲ್ಲ?" ಅಂದ.

"ಯಾರೂ ಕೇಳಲಿಲ್ಲ" ಅಂದಿತು ಗಿಣಿ.

ಮೂವರು ಪಂಡಿತರೂ ನೆಲ ನೋಡಿದರು. ರಾಜನೂ ಒಂದು ಗಳಿಗೆ ನೆಲ ನೋಡಿದ. ಆಮೇಲೆ ರುಮಾಲಿನವನನ್ನು ಹೊಲದ ಚೆಕ್ಕುಬಂದಿ ಏನು ಅಂತ ಕೇಳಿದ. ಅವನು ದಿವಾನ ಕೊಟ್ಟ ಚೀಟಿ ತೆಗೆದು ಓದಿದ. ಮೂಡಲಿಗೆ ಹುಣಸೆಮರ, ತೆಂಕಲಿಗೆ ಹಳ್ಳ, ಪಡುವಲಿಗೆ ಬಿದ್ದ ಗೋಡೆ, ಬಡಗಲಿಗೆ ಗಾಡಿ ದಾರಿ.

"ಅದು ಊರಿನ ಸುಡುಗಾಡು" ಅಂದಳು ಬಾಳವ್ವ. "ನೆಲ ಮೆಟ್ಟಿ ನೋಡಿದವ್ರಿಗೆ ಗೊತ್ತಿರ್ತಿತ್ತು."

ರಾಜ ಹೇಳಿದ. "ಮಲ್ಲರಸ, ನೀ ಕೇಳಿದ ಹೊಲ ನಿನಗ ಕೊಟ್ಟೀನಿ. ಇವತ್ತಿನಿಂದ ಅಲ್ಲೇ ಇರು. ಕೆಂದೂರಾಗ ಯಾರು ಸತ್ತರೂ ಗುಂಡಿ ನೀನ ತೋಡು."

ದಿವಾನನನ್ನು ಎಳೆದುಕೊಂಡು ಹೋದರು. ಶೆಟ್ಟೆಪ್ಪನ ಕಟ್ಟು ಬಿಚ್ಚಿದರು. ಅಕ್ಕತಂಗಿಯರಿಗೆ, ಕಮ್ಮಾರನಿಗೆ, ಮಡಿವಾಳನಿಗೆ ಅವರವರ ಮನೆ ಬಂತು. ಗಂಗವ್ವನ ಮನೆಯನ್ನು ವಾಪಸು ಕೊಡಲು ಗಂಗವ್ವ ಇರಲಿಲ್ಲ.

ಶೆಟ್ಟೆಪ್ಪ ಸೆರೆಯಿಂದ ನೇರ ಅಲ್ಲಿಗೇ ಹೋದ. ಬಾಳವ್ವ ಅವನ ಕೈ ಹಿಡಿದು ಹೊಸ್ತಿಲ ಮುಂದೆ ನಿಲ್ಲಿಸಿದಳು. ಅವನು ಉಳಿದುಕೊಂಡ ನಾಲಿಗೆಯಿಂದ ಆ ಮನೆತನದ ಏಳು ಹೆಸರನ್ನು ಗಟ್ಟಿಯಾಗಿ ಹಾಡಿದ. ಕೇಳಲು ಒಳಗೆ ಯಾರೂ ಇರಲಿಲ್ಲ. ಹೆಳವರ ಪುಸ್ತಕದಲ್ಲಿ ಸೊಸೆಯಂದಿರ ಹೆಸರು ಸೇರಿಸುವ ಪದ್ಧತಿ ಇರಲಿಲ್ಲ. ಆದರೂ ಅವತ್ತು ಅವನು ಎಂಟನೆಯದಾಗಿ ಗಂಗವ್ವ ಅಂತ ಸೇರಿಸಿ ಹಾಡಿದ. ಬಾಳವ್ವ ಅತ್ತಳು.

ಮನೆಗೆ ಬಂದು ಅವಳು ಗಿಣಿಯನ್ನು ತೆಗೆದುಹಾಕಿ ಮತ್ತೆ ನಾಯಿಯನ್ನು ತಂದಳು. ಈ ಸಲ ಒಳಗೆ ಬಿಡುವ ಮೊದಲು ಒಡೆಯ ಯಾರು ಅಂತ ಕೇಳಿದಳು. "ಯಾರ ಮನಿ ಕಾಯ್ತೀನೋ ಅವರು" ಅಂದಿತು ನಾಯಿ. ಹೇಳಿದ್ದನ್ನಷ್ಟೇ ನಂಬಲಿಲ್ಲ ಅವಳು. ಇನ್ನೊಂದು ಸುಳ್ಳು ಮನೆತನ ಬರೆದಿಟ್ಟು ಆರು ತಿಂಗಳು ಕಾದಳು. ಆ ಹೆಸರು ಎಲ್ಲೂ ಹೊರಗೆ ಬರಲಿಲ್ಲ. ದಿನಾ ಬೆಳಿಗ್ಗೆ ಅದು "ನಿಲ್ಲು, ಯಾರು ನೀನು?" ಅನ್ನುತ್ತಿತ್ತು. "ನಾನಪ್ಪಾ, ಬಾಳವ್ವ" ಅಂತ ಅವಳು ಬೇಳೆ ಬೇಯುವ ತನಕ ಕಾಯುತ್ತಿದ್ದಳು.

ಅದಕ್ಕೇ ಮಕ್ಕಳೇ, ಕಾವಲುಗಾರರನ್ನು ಹೋಲಿಸುವಾಗ ಯಾವುದು ಬಲಶಾಲಿ, ಯಾವುದು ಚುರುಕು, ಯಾವುದು ಪುಕ್ಕಟೆ ಅಂತ ಆಮೇಲೆ ನೋಡಿ. ಅದು ಯಾರ ಮಾತು ಕೇಳುತ್ತದೆ ಅಂತ ಮೊದಲು ಕೇಳಿ. ಕೆಂದೂರಿನವರು ಅದೊಂದನ್ನು ಕೇಳಲು ತಡ ಮಾಡಿದರು. ತಡವಾದದ್ದಕ್ಕೆ ಗಂಗವ್ವ ಹೋದಳು, ಕಥೆ ಉಳಿಯಿತು.